ಮೇಷ್ಟ್ರ ಮಂಚದ ಲೆಕ್ಕ

ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಶಿವಮೊಗ್ಗದ ಮೇಷ್ಟ್ರೊಬ್ಬರು ಹೊಸ ಮಂಚ ಮಾಡಿಸಲು ಹೊರಟರು. ಹಳೆಯದು ಅವರು ಮಗ್ಗುಲು ಬದಲಿಸಿದಾಗಲೆಲ್ಲ ಕಿರುಗುಟ್ಟಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತಿತ್ತು. ಅಂಗಡಿಯಲ್ಲಿ ಸಿದ್ಧ ಮಂಚವೇ ಸಿಗುತ್ತದಲ್ಲ ಎಂದು ಮಗ ಫೋನಿನಲ್ಲಿ ಹೇಳಿ ನೋಡಿದ. "ಅದು ಹಿಂದಿನ ಪುಟದ ಉತ್ತರ ನೋಡಿಕೊಂಡು ಲೆಕ್ಕ ಮಾಡಿದ ಹಾಗೆ" ಎಂದು ಮೇಷ್ಟ್ರು ಗ್ರಾಫ್ ಹಾಳೆ ತೆಗೆದರು.

ಮೊದಲು ಶಾಸ್ತ್ರ. ಆರನೆಯ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಮಂಚ, ಪೀಠಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಸಿಡಿಲು ಹೊಡೆದ, ಗಾಳಿಗೆ ಉರುಳಿದ, ಆನೆ ಕೆಡವಿದ ಮರ ಕೂಡದು. ಜೇನು ಕಟ್ಟಿದ್ದು, ಹಕ್ಕಿ ಗೂಡಿಟ್ಟದ್ದು, ಸ್ಮಶಾನದಲ್ಲಿ ಬೆಳೆದದ್ದು ಬೇಡವೇ ಬೇಡ. ರಾಜನ ಮಂಚ 100 ಅಂಗುಲ, ರಾಜಕುಮಾರನದು 90, ಮಂತ್ರಿಯದು 84, ಸೇನಾಪತಿಯದು 78, ಪುರೋಹಿತನದು 72.

"ನೋಡಿದೆಯಾ, ಈಗ ಕಿಂಗ್ ಸೈಜ್ ಅಂತ ಮಾರೋದು 78ಕ್ಕೆ 72. ಉದ್ದಕ್ಕೆ ಸೇನಾಪತಿ, ಅಗಲಕ್ಕೆ ಪುರೋಹಿತ. ರಾಜನ ಸುಳಿವೇ ಇಲ್ಲ!" ಎಂದು ಮೇಷ್ಟ್ರು ಹೆಂಡತಿಯನ್ನು ಕರೆದರು. ಆಮೇಲೆ ತಪ್ಪು ಅವರಿಗೇ ಹೊಳೆಯಿತು. ಆ ಅಂಗುಲ ಈಗಿನ ಇಂಚಲ್ಲ. ಎಂಟು ಜವೆಗೋಧಿ ಕಾಳನ್ನು ಪಕ್ಕಪಕ್ಕ ಇಟ್ಟಷ್ಟು, ಅಂದರೆ ಹೆಚ್ಚು ಕಡಿಮೆ ಮುಕ್ಕಾಲು ಇಂಚು. ಹಾಗಾಗಿ ರಾಜನ ಮಂಚವೂ ಸುಮಾರು 75 ಇಂಚೇ.

"ರಾಜನಿಗಿಂತ ಮೂರಿಂಚು ಉದ್ದ ಸಿಕ್ತಲ್ಲ, ಸಾಕು ಬಿಡಿ. ಅಡಿಯಲ್ಲಿ ಕಸಬರಿಗೆ ಆಡೋ ಹಾಗಿರಲಿ. ಆ ಪೆಟ್ಟಿಗೆ ಮಂಚ ಮಾತ್ರ ಬೇಡ" ಎಂದರು ಹೆಂಡತಿ. ಅಂತೂ 78ಕ್ಕೆ 60 ಎಂದು ತೀರ್ಮಾನವಾಯಿತು.

ಇನ್ನು ಮರ. ತೇಗಕ್ಕೆ ಗೆದ್ದಲು ಸುಲಭವಾಗಿ ಬಾಯಿ ಹಾಕುವುದಿಲ್ಲ. ಬೆಲೆ ಕೇಳಿದ ಮೇಲೆ ಮೇಷ್ಟ್ರೂ ಹಾಕಲಿಲ್ಲ. ಬೀಟೆಯ ಹೆಸರೆತ್ತುವ ಹಾಗೇ ಇರಲಿಲ್ಲ. ಸಿಲ್ವರ್ ಓಕ್ ಕಾಫಿ ತೋಟಕ್ಕೆ ನೆರಳಾಗಲು ಆಸ್ಟ್ರೇಲಿಯಾದಿಂದ ಬಂದದ್ದು. ಹೆಸರಲ್ಲಿ ಓಕ್ ಇದ್ದರೂ ಓಕ್ ಮರದ ಸಂಬಂಧಿಯಲ್ಲ. ಸುಳ್ಳು ಹೆಸರಿನ ಮರದ ಮೇಲೆ ಮಲಗಲು ಮೇಷ್ಟ್ರಿಗೆ ಮನಸ್ಸಾಗಲಿಲ್ಲ. ಹೊನ್ನೆಯ ಮೇಲೆ ಆಸೆಯಿತ್ತು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದರಿಂದ ಹೊನ್ನೆ ಮರದ ಲೋಟದಲ್ಲಿ ರಾತ್ರಿ ಇಟ್ಟ ನೀರನ್ನು ಬೆಳಿಗ್ಗೆ ಕುಡಿಯುತ್ತಿದ್ದವರು, ಅದರ ಮೇಲೆ ಮಲಗಿಯೇ ಬಿಟ್ಟರೆ ಹೇಗೆ ಎಂದು ಯೋಚಿಸಿದರು. ಆದರೆ ಬೇಕಾದ ಅಳತೆ ಸಿಗಲಿಲ್ಲ.

ಉಳಿದದ್ದು ಹಲಸು. ಕೊಯ್ದಾಗ ಅರಿಸಿನ ಬಣ್ಣ, ವರ್ಷ ಕಳೆದಂತೆ ಕಂದು. ವೀಣೆ, ತಂಬೂರಿ ಮಾಡುವುದೂ ಇದರಲ್ಲೇ. "ಒಳ್ಳೇದಾಯ್ತು, ನಿಮ್ಮ ಗೊರಕೆಗೆ ಶ್ರುತಿ ಸಿಗುತ್ತೆ" ಎಂದು ಹೆಂಡತಿಯ ಒಪ್ಪಿಗೆಯೂ ಬಿತ್ತು.

ನಡುವೆ ಮಗನ ಸಮಾಧಾನಕ್ಕೆ ಪ್ಲೈವುಡ್ಡನ್ನೂ ವಿಚಾರಿಸಿದ್ದುಂಟು. ಒಂದು ಹಾಳೆ ಎಂಟಕ್ಕೆ ನಾಲ್ಕಡಿ, 32 ಚದರಡಿ. ಮಂಚ ಆರೂವರೆಗೆ ಐದಡಿ, 32.5 ಚದರಡಿ. ಅರ್ಧ ಚದರಡಿಗಾಗಿ ಎರಡನೇ ಹಾಳೆ ಕೊಳ್ಳುವುದೆಂದರೆ ಅರ್ಧ ಅಂಕದಲ್ಲಿ ಹುಡುಗನನ್ನು ಫೇಲು ಮಾಡಿದ ಹಾಗೆ. ಮೇಷ್ಟ್ರ ಮನಸ್ಸು ಒಪ್ಪಲಿಲ್ಲ.

ಸಾಮಿಲ್‌ನಲ್ಲಿ ಮಾಲೀಕರು ಹತ್ತಡಿ ಉದ್ದದ ದಿಮ್ಮಿಯೊಂದಕ್ಕೆ ಟೇಪು ಸುತ್ತುತ್ತಿದ್ದರು. ಸುತ್ತಳತೆ ನಾಲ್ಕಡಿ. ಅದರ ಕಾಲು ಭಾಗ ಒಂದು, ಒಂದರ ವರ್ಗ ಒಂದು, ಇಂಟು ಹತ್ತು: "ಹತ್ತು ಸಿಎಫ್‌ಟಿ" ಎಂದು ಬರೆದುಕೊಂಡರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ತಪ್ಪು! ವೃತ್ತದ ಸೂತ್ರ ಹಾಕಿದರೆ 12.73 ಬರುತ್ತೆ" ಎಂದರು. ಲಂಡನ್ನಿನ ಎಡ್ವರ್ಡ್ ಹಾಪಸ್ 1736ರಲ್ಲಿ ಅಚ್ಚು ಹಾಕಿಸಿದ ಕೋಷ್ಟಕಗಳ ಕಾಲದಿಂದ ಮರದ ವ್ಯಾಪಾರ ಈ ಕಾಲು ಸುತ್ತಳತೆಯ ಮೇಲೆ ನಡೆದುಬಂದಿದೆ. ಚೌಕ ಮಾಡುವಾಗ ಹೋಗುವ ಹೊರಮೈ ಕೊಳ್ಳುವವನ ತಲೆಗೆ ಬರದಿರಲಿ ಎಂದೇ ಈ ರಿಯಾಯಿತಿ. ಮಾಲೀಕರು ನಿಧಾನವಾಗಿ ಕೇಳಿದರು: "ನಿಮ್ಮ ಸೂತ್ರದಲ್ಲೇ ಬಿಲ್ ಹಾಕ್ಲಾ ಮೇಷ್ಟ್ರೇ?" ಮೇಷ್ಟ್ರು ಮಾತು ತಿರುಗಿಸಿ, ಈ ಮರ ಆನೆ ಕೆಡವಿದ್ದಲ್ಲ ತಾನೇ ಎಂದು ವಿಚಾರಿಸಿದರು.

ಗ್ರಾಫ್ ಹಾಳೆಯಲ್ಲಿ ಎಲ್ಲವೂ ಇತ್ತು: ಮೂರಿಂಚು ಚೌಕದ ಕಾಲುಗಳು, ತಲೆಯ ಕಡೆ ಮೂರಡಿ ಎತ್ತರ, ಕಾಲಿನ ಕಡೆ ಒಂದೂವರೆ, ಆರಿಂಚಿನ ಅಡ್ಡಪಟ್ಟಿಗಳು, ನಡುವಿಗೊಂದು ತೊಲೆ, ಮೂರಿಂಚು ಸಂದು ಬಿಟ್ಟು ಹದಿಮೂರು ರೀಪು, ತಲೆಹಲಗೆ. ಒಟ್ಟು 3.91 ಘನಅಡಿ. ಮರಗೆಲಸದ ಆಚಾರ್ರು ಹಾಳೆಯನ್ನು ತಲೆಕೆಳಗು ಹಿಡಿದೇ ನೋಡಿ, "ಐದು ತನ್ನಿ" ಎಂದರು. ಗರಗಸದ ಪುಡಿ, ಹತ್ತರಿಯ ಹೊಟ್ಟು, ಸೀಳು, ಹುಳ ಬೀಳುವ ಬಿಳಿ ಭಾಗ ತೆಗೆದು ಚೇಗು ಮಾತ್ರ ಉಳಿಸಿದಾಗ ಐದು ಘನಅಡಿಯಲ್ಲಿ ಮಿಕ್ಕದ್ದು ಒಂದು ಮಣೆಗಾಗುವಷ್ಟು.

ಕಾಲು ಜೋಡಿಸುವ ದಿನ ಆಚಾರ್ರು ಉಳಿ ಕೆಳಗಿಟ್ಟು ಕೇಳಿದರು: "ಹಾಸಿಗೆ ಎಷ್ಟು ದಪ್ಪ ಮೇಷ್ಟ್ರೇ?"

ಗ್ರಾಫ್ ಹಾಳೆಯಲ್ಲಿ ಹಾಸಿಗೆಯೇ ಇರಲಿಲ್ಲ. ಹದಿನೆಂಟು ಇಂಚಿನ ಮಂಚ, ಎಂಟು ಇಂಚಿನ ಹಾಸಿಗೆ, ಒಟ್ಟು ಇಪ್ಪತ್ತಾರು. ಮಂಡಿನೋವಿನ ಹೆಂಡತಿ ಕೂತರೆ ಕಾಲು ನೇತಾಡುತ್ತದೆ. ಆಚಾರ್ರು ಅಮ್ಮನವರನ್ನು ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಮಂಡಿಯವರೆಗೆ ಅಳೆದು, ನಾಲ್ಕೂ ಕಾಲಿನ ಬುಡದಿಂದ ಆರಾರು ಇಂಚು ಕೊಯ್ದರು. ಅಡಿಯಲ್ಲಿ ಕಸಬರಿಗೆಗೆ ಇನ್ನೂ ಆರಿಂಚು ಜಾಗ ಉಳಿಯಿತು.

ಬಿದ್ದ ನಾಲ್ಕು ತುಂಡುಗಳನ್ನು ಆಯ್ದುಕೊಂಡು ಮೇಷ್ಟ್ರು ಅಲ್ಲೇ ಬಾಯಿಲೆಕ್ಕ ಹಾಕಿದರು. ನಾಲ್ಕು ಕಾಲಿನಿಂದ ಹೋದದ್ದು ಸರಿಯಾಗಿ ಅರೆಕಾಲು ಘನಅಡಿ. ತುಂಡುಗಳಲ್ಲಿ ಒಂದು ಈಗ ಹಿತ್ತಿಲ ಬಾಗಿಲು ಬಡಿದುಕೊಳ್ಳದಂತೆ ತಡೆದು ನಿಂತಿದೆ. ಉಳಿದ ಮೂರು ಮೇಷ್ಟ್ರ ಮೇಜಿನ ಮೇಲಿವೆ, ಗ್ರಾಫ್ ಹಾಳೆ ಹಾರಿಹೋಗದಂತೆ.