ಕವಚ ತೊಟ್ಟವನಿಗೆ ಕುರ್ಚಿಯಿಲ್ಲ

ಮನೆಯೊಂದಕ್ಕೆ ‘ಸ್ಟಾರ್ ವಾರ್ಸ್’ ಚಿತ್ರದ ಸೈನಿಕನ ಕವಚದ ಕಿಟ್ ಬಂತೆನ್ನಿ. ಪೆಟ್ಟಿಗೆ ತೆರೆದರೆ ಕವಚವೆಲ್ಲಿ? ಬಿಳಿ ಎಬಿಎಸ್ ಪ್ಲಾಸ್ಟಿಕ್ಕಿನ ಚಿಪ್ಪುಗಳ ರಾಶಿ. ಹಾಳೆ ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಗಾಳಿ ಹೀರಿ ತೆಗೆದ ಆಕಾರಗಳಿವು. ಯಾವುದು ಮೊಣಕಾಲಿನದು, ಯಾವುದು ತೋಳಿನದು ಎಂದು ಮನೆಮಂದಿಯೆಲ್ಲ ಕೂತು ತೀರ್ಮಾನಿಸಬೇಕು.

ಅಂಚು ಕತ್ತರಿಸುವುದೇ ದೊಡ್ಡ ಕೆಲಸ. ಚಾಕುವಿನಿಂದ ಗೀರಿ, ಹಿಂದೆ ಮುಂದೆ ಬಾಗಿಸಿದರೆ ಪಟ್ ಎಂದು ಮುರಿಯುತ್ತದೆ. ಜಾಸ್ತಿ ಕತ್ತರಿಸಿದರೆ ಮುಗೀತು. ಅದಕ್ಕೇ ಮೊದಲು ಟೇಪ್ ಹಚ್ಚಿ ಮೈಗೆ ಹಿಡಿದು ನೋಡುತ್ತಾರೆ. ಅಂಟು ಗಟ್ಟಿಯಾಗಲು ಒಂದೆರಡು ದಿನ ಬೇಕು. ಅಲ್ಲಿಯವರೆಗೆ ಹಿಡಿದಿಡಲು ತಂತಿಯ ಮೇಲಿನ ಬಟ್ಟೆ ಕ್ಲಿಪ್ಪುಗಳೆಲ್ಲ ಮಾಯ. “ಒದ್ದೆ ಬಟ್ಟೇನ ನಿನ್ ತಲೆ ಮೇಲೆ ಒಣಗಾಕ್ಲೇನೋ?” ಎಂದು ಅಮ್ಮ ಕೇಳುವುದು ನ್ಯಾಯವೇ.

ಅಜ್ಜನಿಗೆ ವೇಷ ಕಟ್ಟುವುದೇನೂ ಹೊಸದಲ್ಲ. ನಮ್ಮ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ ಆಡುವವರು ಕಿರೀಟ, ಭುಜಕೀರ್ತಿ, ಗದೆಗಳನ್ನು ಬಾಡಿಗೆಗೆ ತರುತ್ತಾರೆ. ಬೆಳಗಾದರೆ ದುರ್ಯೋಧನ ಎಲ್ಲ ಲೆಕ್ಕ ಒಪ್ಪಿಸಿ ಗದ್ದೆಗೆ ಹೊರಡುತ್ತಾನೆ. ಯಕ್ಷಗಾನದವರು ಇನ್ನೂ ಜಾಣರು: ಹಗುರ ಮರದ ಮೇಲೆ ಚಿನ್ನದ ಬಣ್ಣದ ಬೇಗಡೆ. ರಾತ್ರಿಯಿಡೀ ಕುಣಿಯಬೇಕಲ್ಲ!

1977ರ ಆ ಚಿತ್ರದ ಸೈನಿಕನಿಗೆ ಅಷ್ಟು ಭಾಗ್ಯವಿಲ್ಲ. ಈ ವೇಷದಲ್ಲಿ ಕೂರುವುದೇ ಕಷ್ಟ. 1997ರಲ್ಲಿ ಅಮೆರಿಕದಲ್ಲಿ ಶುರುವಾದ 501ನೇ ಲೀಜನ್ ಎಂಬ ಅಭಿಮಾನಿಗಳ ಪಡೆ ಹೀಗೇ ವೇಷ ಹಾಕಿ ಆಸ್ಪತ್ರೆಯ ಮಕ್ಕಳನ್ನು ನಗಿಸುತ್ತದೆ, ಬಹುಪಾಲು ನಿಂತುಕೊಂಡೇ. ನಮ್ಮ ಯೋಧನೋ, ಆಟೋ ಹತ್ತುವ ಮುಂಚೆ ತೊಡೆಯ ಚಿಪ್ಪು ಬಿಚ್ಚಿ ಅಜ್ಜನ ಕೈಚೀಲಕ್ಕೆ ತುರುಕಬೇಕು.