ಹಿಂದೇಟು

ಮಿನೆಸೋಟಾದಲ್ಲಿ ಮನೆ ಮಾಡಿದವರಿಗೆ ದೋಣಿಯ ರೋಗ ಇವತ್ತಲ್ಲ ನಾಳೆ ಅಂಟುತ್ತದೆ. ಕಾರಿನ ನಂಬರ್ ಪ್ಲೇಟಿನ ಮೇಲೇ ‘10,000 ಕೆರೆಗಳು’ ಎಂದು ಬರೆಸಿದ ರಾಜ್ಯವಿದು. ನನಗೆ ಈಜು ಬಾರದೆಂಬ ವಿಷಯವನ್ನು ಹೆಂಡತಿ ಎತ್ತುವಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿತ್ತು. ದೋಣಿಯ ಬಗ್ಗೆ ಹೇಳುವುದೇನಿಲ್ಲ, ತೇಲುತ್ತದೆ. ತಕರಾರೆಲ್ಲ ಅದನ್ನು ಹೊರುವ ಟ್ರೇಲರಿನದು.

ಇಲ್ಲಿ 3,000 ಪೌಂಡ್ ಮುಟ್ಟಿದ ಟ್ರೇಲರಿಗೆ ಬ್ರೇಕ್ ಇರಲೇಬೇಕು. ದೋಣಿ ಇಳಿಸುವಾಗ ಚಕ್ರಗಳೂ ನೀರಲ್ಲಿ ಮುಳುಗುವುದರಿಂದ ಕರೆಂಟಿನ ಬ್ರೇಕು ಅದಕ್ಕೆ ಅಷ್ಟಾಗಿ ಒಗ್ಗದು. ಆದ್ದರಿಂದ ಸರ್ಜ್ ಬ್ರೇಕ್: ಕಾರು ನಿಧಾನಿಸಿದರೆ ಹಿಂದಿನ ಗಾಡಿ ನುಗ್ಗಿ ಬರುತ್ತದೆ, ಆ ಒತ್ತಿಗೆ ಕಪ್ಲರ್ ಒಳಕ್ಕೆ ಜಾರಿ ಮಾಸ್ಟರ್ ಸಿಲಿಂಡರನ್ನು ಅದುಮುತ್ತದೆ, ಚಕ್ರ ಹಿಡಿಯುತ್ತದೆ.

ಪೀಕಲಾಟ ರಿವರ್ಸಿನಲ್ಲಿ. ಹಿಂದಕ್ಕೆ ತಳ್ಳಿದರೂ ಕಪ್ಲರ್ ಅದುಮಿಕೊಳ್ಳುತ್ತದೆ. ಗಾಡಿ ನುಗ್ಗಿತೋ ನಾವೇ ನೂಕಿದೆವೋ ಅದಕ್ಕೇನು ಗೊತ್ತು? ಅದಕ್ಕೆಂದೇ ಟ್ರೇಲರಿನ ದೀಪಗಳಿಗೆ ಕಾರಿನಿಂದ ಕರೆಂಟು ಕೊಡುವ ಪ್ಲಗ್ಗಿನಲ್ಲಿ ಐದನೆಯದೊಂದು ತಂತಿ, ಸಾಮಾನ್ಯವಾಗಿ ನೀಲಿ. ರಿವರ್ಸ್ ದೀಪದ ಕರೆಂಟು ಅದರಲ್ಲಿ ಹರಿದರೆ ಸೊಲೆನಾಯ್ಡ್ ‘ಟಕ್’ ಎಂದು ಎಣ್ಣೆಯ ದಾರಿ ಕಟ್ಟುತ್ತದೆ. ಪರೀಕ್ಷೆಯೂ ಇದರಲ್ಲೇ ಇದೆ: ಪ್ಲಗ್ ಕಿತ್ತು ರಿವರ್ಸ್ ಹಾಕಿ, ಗಾಡಿ ಮೊಂಡು ಹಿಡಿದರೆ ಬ್ರೇಕ್ ಜೀವಂತ.

ಶನಿವಾರ ಬೆಳಿಗ್ಗೆ ಮನೆ ಮುಂದೆ ಹಾಗೇ ಮಾಡಿದೆ. ಎಂಜಿನ್ ಗೋಳಾಡಿತು, ಟ್ರೇಲರು ಮಿಸುಕಲಿಲ್ಲ. ನನಗೋ ಹಾಲು ಕುಡಿದಷ್ಟು ಸಂತೋಷ. ಪಕ್ಕದ ಮನೆಯ ಯಜಮಾನರು ಕಾಫಿ ಮಗ್ಗಿನೊಂದಿಗೆ ಬಂದರು.

“ಸಿಕ್ಕಿಕೊಂಡಿತಾ?”

“ಇಲ್ಲ, ಚೆನ್ನಾಗಿದೆ!”

“ಹೋಗ್ತಾ ಇಲ್ವಲ್ಲ?”

“ಹೌದು! ಹೋಗ್ತಾ ಇಲ್ಲ!” ಎಂದು ಹೆಬ್ಬೆರಳೆತ್ತಿ ತೋರಿಸಿದೆ.

ಅವರು ನನ್ನ ಮುಖವನ್ನೂ ಹೆಬ್ಬೆರಳನ್ನೂ ಸರದಿಯಲ್ಲಿ ನೋಡಿದರು. ಮಗ್ಗನ್ನು ಹುಲ್ಲಿನ ಮೇಲಿಟ್ಟು, ಎದುರು ಮನೆಯ ಹುಡುಗನನ್ನೂ ಕರೆದು, ಇಬ್ಬರೂ ಟ್ರೇಲರಿಗೆ ಹೆಗಲು ಕೊಟ್ಟರು. ಬೇಡಿ ಎಂದರೆ ಈ ಊರಿನವರಿಗೆ ಅದು ಸಂಕೋಚವಾಗಿಯೇ ಕೇಳಿಸುತ್ತದೆ. ಅವರು ನೂಕುತ್ತಿದ್ದಾರೆ, ನಾನು ಸ್ಟೀರಿಂಗಿನ ಹಿಂದೆ ಸೊಲೆನಾಯ್ಡಿನ ಉಪನ್ಯಾಸ ಕೊಡುತ್ತಿದ್ದೇನೆ. ಯಜಮಾನರು ಸುಸ್ತಾಗಿ ಬಗ್ಗಿದಾಗ ನೇತಾಡುವ ಪ್ಲಗ್ ಕಣ್ಣಿಗೆ ಬಿತ್ತು. ಸದ್ದಿಲ್ಲದೆ ಸಿಕ್ಕಿಸಿ ಪಕ್ಕಕ್ಕೆ ಸರಿದು, “ಇನ್ನೊಮ್ಮೆ” ಎಂದರು. ಹೋಗುವುದಿಲ್ಲವೆಂದು ಸಾಧಿಸಿ ತೋರಿಸಲು ಪೆಡಲನ್ನು ಪೂರ್ಣ ವಿಶ್ವಾಸದಿಂದ ಒತ್ತಿದೆ. ‘ಟಕ್’. ದೋಣಿಸಮೇತ ಟ್ರೇಲರು ಸರ್ರನೆ ಹಿಂದೆ ಹೋಗಿ ಅವರದೇ ಅಂಚೆಪೆಟ್ಟಿಗೆಯನ್ನು ಮಲಗಿಸಿತು. ಸೊಲೆನಾಯ್ಡೂ ಪಾಸು.

ಇಷ್ಟೆಲ್ಲ ಯಾಕೆಂದರೆ, ಮೊನ್ನೆ ಡುಲೂತ್‌ಗೆ ಹೋಗುವಾಗ ಥಾಂಪ್ಸನ್ ಹಿಲ್ ಇಳಿಜಾರಿನಲ್ಲಿ ಮುಂದೆ ಸಾಲುಸಾಲು ಕೆಂಪು ದೀಪ ಹೊತ್ತಿದವು. ನಾನು ಬ್ರೇಕ್ ತುಳಿದೆ. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರು ನಿದ್ದೆ ಹೋಗಿದ್ದರು, ಅವರ ಬೆನ್ನ ಹಿಂದಿದ್ದ ಭಾರ ನಿಲ್ಲುವ ಮನಸ್ಸಿಲ್ಲದೆ ಕಾರನ್ನು ನೂಕುತ್ತಲೇ ಇತ್ತು. ನಿಂತೆವು, ಸರಿ. ಆದರೆ ಟ್ರೇಲರ್ ಮಾರಿದವನು ‘ಈಗಷ್ಟೇ ಸರ್ವಿಸ್ ಆಗಿದೆ’ ಎಂದದ್ದು ನೆನಪಾದರೆ ಈಗಲೂ ಹಲ್ಲು ಕಡಿಯುತ್ತೇನೆ.

ಚಕ್ರ ಹಿಡಿಯುತ್ತದೆ ಎಂದು ಗೊತ್ತಾಯಿತು. ಯಾವ ಚಕ್ರ ಎಂದು ಗೊತ್ತಾಗಬೇಕಲ್ಲ? ಒಂದು ಸುತ್ತು ಓಡಿಸಿ ಬಂದು, ಹೆಂಡತಿ ದೋಸೆ ಕಾವಲಿಯ ಕಾವು ನೋಡುವ ಥರ್ಮಾಮೀಟರ್ ಗನ್ನನ್ನು ರೋಟರುಗಳಿಗೆ ಹಿಡಿದೆ. ಎಡಗಡೆಯದು ಸುಡುತ್ತಿತ್ತು, ಬಲಗಡೆಯದು ತಣ್ಣಗೆ: ಕ್ಯಾಲಿಪರಿನ ಪಿನ್ನು ನೀರು ಕುಡಿದು ತುಕ್ಕು ಹಿಡಿದಿದೆ.

ಅದನ್ನು ಬಿಚ್ಚುವ ಮೊದಲು ಅಂಚೆಪೆಟ್ಟಿಗೆ ನೆಡಬೇಕು. ಅಂಚೆ ಇಲಾಖೆಯ ಪ್ರಕಾರ ಅದು ರಸ್ತೆಯಿಂದ 41ರಿಂದ 45 ಇಂಚು ಎತ್ತರದಲ್ಲಿರಬೇಕಂತೆ. ಯಜಮಾನರು ಟೇಪು ಹಿಡಿದು ಕಾಯುತ್ತಿದ್ದಾರೆ.