ಟೋಪಿ ಕಡ್ಡಾಯ

ಡೊಂಬಿವಲಿ ಪೂರ್ವದ ಒಂದು ಈಜು ಕ್ಲಬ್ಬು. ಕಾರ್ಯದರ್ಶಿ ನಮ್ಮ ಧಾರವಾಡದ ಕಡೆಯವರೇ. ಮಗಳನ್ನು ಸೇರಿಸಲು ಹೋಗಿದ್ದೆ.

"ರಾಯರೇ, ಮಕ್ಕಳ ಸುರಕ್ಷತೆ ಹೇಗೆ?"

"ಚಿಂತೀನ ಬ್ಯಾಡ್ರಿ ಅಕ್ಕಾರ. ಟೋಪಿ ಇಲ್ಲಂದ್ರ ನೀರಿಗೇ ಇಳಿಸೂದಿಲ್ಲ."

"ಲೈಫ್‌ಗಾರ್ಡ್?"

"ಅದಾನಲ್ರೀ! ಈಗಷ್ಟ ವಡಾಪಾವ್ ತರಾಕ ಹೋಗ್ಯಾನ."

"ಕೋಚ್ ಬಗ್ಗೆ ಪೊಲೀಸ್ ವೆರಿಫಿಕೇಶನ್ ಆಗಿದೆಯಾ?"

"ಅದ್ಯಾಕ್ರಿ? ನಮ್ಮ ಅಳಿಯನ ದೋಸ್ತ ಅವ. ಭಾಳ ಛಲೋ ಹುಡುಗ."

"ಹುಡುಗಿಯರು ಬಟ್ಟೆ ಬದಲಿಸೋ ಕೋಣೆಗೆ ಚಿಲಕವೇ ಇಲ್ಲವಲ್ಲ?"

"ಅದಕ್ಕ ಬಾಗಿಲದಾಗ ಕೋಚ್‌ನ್ನ ನಿಲ್ಲಿಸೀವಿ!"

(ಹೆಮ್ಮೆಯಿಂದಲೇ ಹೇಳಿದರು, ಪಾಪ.)

"ನಾಳೆ ಮಗು ಏನಾದರೂ ದೂರು ಹೇಳಿದರೆ?"

"ಕಮಿಟಿಯೊಳಗ ಕುಂತು ಮುಗಸ್ತೀವಿ. ಕ್ಲಬ್ಬಿನ ಮಾನದ ಪ್ರಶ್ನೆ ನೋಡ್ರಿ."

"2012ರ ಪೋಕ್ಸೋ ಕಾಯ್ದೆ ಇದೆ ರಾಯರೇ. ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ತಪ್ಪು ಮುಚ್ಚಿಟ್ಟ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು."

"ಅಂದ್ರ... ನನಗ?"

ಮೊದಲ ಸಲ ಅವರ ಮುಖದಲ್ಲಿ ಸುರಕ್ಷತೆಯ ಕಾಳಜಿ ಕಂಡಿತು.

ಗೋಡೆಯ ಫಲಕದಲ್ಲಿ ಎರಡೇ ಸಾಲು: ಟೋಪಿ ಕಡ್ಡಾಯ; ಸಾಮಾನು ಕಳೆದರೆ ನಾವು ಜವಾಬ್ದಾರರಲ್ಲ. ಅದರ ಕೆಳಗೆ ಪೆನ್ನಿನಿಂದ ಬರೆದು ಬಂದೆ: ಮಕ್ಕಳ ಸಹಾಯವಾಣಿ 1098. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ.